ಗೈ ಗಿಬ್ಸನ್: ಅಣೆಕಟ್ಟು ದಾಳಿಯ ಪೈಲಟ್

ಎರಡನೇ ಮಹಾಯುದ್ಧದ ಬಾಂಬರ್ ಪೈಲಟ್‌ಗಳಲ್ಲಿ ಅತಿ ಹೆಚ್ಚು ಹೆಸರಾದ ಗೈ ಪೆನ್ರೋಸ್ ಗಿಬ್ಸನ್ ಹುಟ್ಟಿದ್ದು ನಮ್ಮ ಶಿಮ್ಲಾದಲ್ಲಿ, 1918ರ ಆಗಸ್ಟ್ 12ರಂದು. ತಂದೆ ಅಲೆಕ್ಸಾಂಡರ್ ಗಿಬ್ಸನ್ ಬ್ರಿಟಿಷ್ ಆಡಳಿತದ ಅರಣ್ಯ ಇಲಾಖೆಯಲ್ಲಿ ಮೇಲಧಿಕಾರಿ. ತಾಯಿ ನೋರಾ ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯವಳು. ಮೂರು ಮಕ್ಕಳಲ್ಲಿ ಗೈ ಕೊನೆಯವನು. ತಂದೆತಾಯಿಯ ಸಂಸಾರ ಸರಿಹೋಗಲಿಲ್ಲ. 1924ರಲ್ಲಿ ತಾಯಿ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟುಹೋದಳು. ಆಗ ಗೈಗೆ ಆರು ವರ್ಷ. ಅಲ್ಲಿಂದ ಮುಂದೆ ಅವನ ಬಾಲ್ಯವೆಲ್ಲ ವಸತಿಶಾಲೆಗಳಲ್ಲೇ ಕಳೆಯಿತು. ತಾಯಿ ಕುಡಿತಕ್ಕೆ ಬಿದ್ದಳು. ಯುದ್ಧ ಶುರುವಾದ ವರ್ಷದ ಡಿಸೆಂಬರಿನಲ್ಲಿ ಬೆಂಕಿ ತಗುಲಿದ ಗಾಯಗಳಿಂದ ತೀರಿಕೊಂಡಳು. ಮನೆಯೆಂಬುದು ಸರಿಯಾಗಿ ದಕ್ಕದ ಈ ಹುಡುಗ ವಾಯುಪಡೆಯ ಸ್ಕ್ವಾಡ್ರನ್ನನ್ನೇ ಮನೆ ಮಾಡಿಕೊಂಡ ಎಂಬುದು ಅವನ ಮುಂದಿನ ಬದುಕನ್ನು ನೋಡಿದರೆ ತಿಳಿಯುತ್ತದೆ.

ಆಕ್ಸ್‌ಫರ್ಡಿನ ಸೇಂಟ್ ಎಡ್ವರ್ಡ್ಸ್ ಶಾಲೆಯಲ್ಲಿ ಗಿಬ್ಸನ್ ಓದಿನಲ್ಲಿ ಸಾಧಾರಣ, ಆಟದಲ್ಲೂ ಸಾಧಾರಣ. ಹಟ ಮಾತ್ರ ಹೆಚ್ಚು. ಪರೀಕ್ಷಾರ್ಥ ಹಾರಾಟ ನಡೆಸುವ ಪೈಲಟ್ ಆಗಬೇಕೆಂಬ ಆಸೆಯಿಂದ ವಿಕರ್ಸ್ ವಿಮಾನ ಕಂಪನಿಯ ಮುಖ್ಯ ಪೈಲಟ್ ಮಟ್ ಸಮ್ಮರ್ಸ್‌ಗೆ ಕಾಗದ ಬರೆದು ದಾರಿ ಕೇಳಿದ. ಮೊದಲು ವಾಯುಪಡೆ ಸೇರಿ ಹಾರುವುದನ್ನು ಕಲಿ ಎಂದು ಸಮ್ಮರ್ಸ್ ಉತ್ತರಿಸಿದರು. ಮೊದಲ ಅರ್ಜಿ ತಿರಸ್ಕೃತವಾಯಿತು. ಅವನು ಗಿಡ್ಡ, ಕಾಲಿನ ಉದ್ದ ಸಾಲದು ಎಂಬುದು ಕಾರಣ. ಎರಡನೇ ಸಲ ಅರ್ಜಿ ಹಾಕಿ 1936ರ ನವೆಂಬರಿನಲ್ಲಿ ಅಲ್ಪಾವಧಿ ನೇಮಕದ ಮೇಲೆ ಸೇರಿಕೊಂಡ. ತರಬೇತಿಯ ಕೊನೆಯಲ್ಲಿ ಅವನ ಹಾರಾಟಕ್ಕೆ ಸಿಕ್ಕ ಷರಾ ಕೂಡ ‘ಸಾಧಾರಣ’ ಎಂದೇ. ಕೈಕೆಳಗಿನವರೊಡನೆ, ಅದರಲ್ಲೂ ನೆಲದ ಮೇಲೆ ವಿಮಾನ ನೋಡಿಕೊಳ್ಳುವ ಮೆಕ್ಯಾನಿಕ್‌ಗಳೊಡನೆ ದರ್ಪದಿಂದ ನಡೆದುಕೊಳ್ಳುತ್ತಾನೆ ಎಂಬ ದೂರು ಆಗಲೇ ಹುಟ್ಟಿತು, ಕೊನೆಯವರೆಗೂ ಪೂರ್ತಿ ಹೋಗಲಿಲ್ಲ.

1937ರಲ್ಲಿ ಅವನನ್ನು 83ನೇ ಸ್ಕ್ವಾಡ್ರನ್ನಿಗೆ ಹಾಕಿದರು. ಮರುವರ್ಷ ಆ ಸ್ಕ್ವಾಡ್ರನ್ ಲಿಂಕನ್‌ಶೈರಿನ ಸ್ಕ್ಯಾಂಪ್ಟನ್ ನೆಲೆಗೆ ಬಂತು. ಹಳೆಯ ಎರಡು ರೆಕ್ಕೆಜೋಡಿಯ ವಿಮಾನಗಳ ಜಾಗಕ್ಕೆ ಹ್ಯಾಂಪ್ಡನ್ ಬಾಂಬರ್‌ಗಳು ಬಂದವು. ಹ್ಯಾಂಪ್ಡನ್‌ನಲ್ಲಿ ನಾಲ್ಕು ಜನ. ಅದರ ಒಡಲು ಎಷ್ಟು ಇಕ್ಕಟ್ಟೆಂದರೆ ಹಾರಾಟದ ನಡುವೆ ಪೈಲಟ್‌ಗೆ ಪೆಟ್ಟಾದರೆ ಅವನನ್ನು ಸೀಟಿನಿಂದ ಎಳೆದು ಇನ್ನೊಬ್ಬ ಕೂರುವುದು ಹೆಚ್ಚುಕಡಿಮೆ ಆಗದ ಮಾತು. ಹಾರುವವರೇ ಅದನ್ನು ‘ಹಾರುವ ಸೂಟ್‌ಕೇಸ್’ ಎಂದು ಕರೆಯುತ್ತಿದ್ದರು. ಬ್ರಿಟನ್ ಯುದ್ಧ ಘೋಷಿಸಿದ 1939ರ ಸೆಪ್ಟೆಂಬರ್ 3ರ ಸಂಜೆಯೇ ಗಿಬ್ಸನ್ ಈ ವಿಮಾನದಲ್ಲಿ ಜರ್ಮನ್ ಯುದ್ಧನೌಕೆಗಳನ್ನು ಹುಡುಕಿಕೊಂಡು ಹೊರಟ. ಮೋಡ ಕವಿದು ಮಳೆ ಹಿಡಿದಿದ್ದರಿಂದ ತಂಡ ಬಾಂಬ್ ಹಾಕದೆ ಹಿಂದಿರುಗಿತು. ಬ್ರಿಟನ್ನಿನ ಬಾಂಬರ್ ಪಡೆ ಯುದ್ಧಕ್ಕೆ ಎಷ್ಟರ ಮಟ್ಟಿಗೆ ಸಿದ್ಧವಾಗಿತ್ತು ಎಂಬುದಕ್ಕೆ ಆ ಮೊದಲ ಹಾರಾಟವೇ ಸಾಕ್ಷಿ. ರಾತ್ರಿಯಲ್ಲಿ ಗುರಿ ಕಂಡುಹಿಡಿಯುವ ಉಪಕರಣಗಳಿರಲಿಲ್ಲ. ನಕ್ಷೆ, ದಿಕ್ಸೂಚಿ, ಗಡಿಯಾರ, ನಕ್ಷತ್ರ ಇಷ್ಟನ್ನೇ ನಂಬಿ ನೂರಾರು ಮೈಲಿ ಹೋಗಿ ಬರಬೇಕಿತ್ತು.

1940ರ ಬೇಸಿಗೆಯುದ್ದಕ್ಕೂ ಅವನು ಹ್ಯಾಂಪ್ಡನ್ ಹಾರಿಸಿದ. ಬಂದರುಗಳ ಬಾಯಲ್ಲಿ ನೆಲಬಾಂಬಿನಂಥ ನೀರುಬಾಂಬುಗಳನ್ನು ಬಿತ್ತುವುದು, ರೈಲುಮಾರ್ಗ, ತೈಲಾಗಾರಗಳ ಮೇಲೆ ದಾಳಿ ಮಾಡುವುದು ಆಗಿನ ಕೆಲಸ. ಆ ಜುಲೈನಲ್ಲಿ ಮೊದಲ ಪದಕವಾದ ಡಿ.ಎಫ್.ಸಿ. ಬಂತು. ಯುದ್ಧಕ್ಕೆ ಮುಂಚೆ ಸ್ಕ್ವಾಡ್ರನ್ನಿನಲ್ಲಿ ಜೊತೆಗಿದ್ದ ಪೈಲಟ್‌ಗಳಲ್ಲಿ ಹೆಚ್ಚಿನವರು ಅಷ್ಟರಲ್ಲಿ ಸತ್ತಿದ್ದರು ಇಲ್ಲವೇ ಸೆರೆಯಾಗಿದ್ದರು. ನವೆಂಬರ್ 23ರಂದು ಈವ್ ಮೂರ್ ಎಂಬ ನಟಿಯನ್ನು ವೇಲ್ಸ್‌ನ ಪೆನಾರ್ಥ್‌ನಲ್ಲಿ ಮದುವೆಯಾದ. ಒಂದು ಸುತ್ತಿನ ಹಾರಾಟ ಮುಗಿಸಿದ ಬಾಂಬರ್ ಪೈಲಟ್‌ಗಳನ್ನು ತರಬೇತಿ ಶಾಲೆಗೆ ಕಳಿಸಿ ಕೆಲವು ತಿಂಗಳು ಉಸಿರಾಡಲು ಬಿಡುವುದು ವಾಡಿಕೆ. ಗಿಬ್ಸನ್ ಅಲ್ಲಿ ಹೆಚ್ಚು ದಿನ ನಿಲ್ಲದೆ ರಾತ್ರಿ ಕಾದಾಟದ 29ನೇ ಸ್ಕ್ವಾಡ್ರನ್ ಸೇರಿ, ರೇಡಾರ್ ಇದ್ದ ಬ್ಯೂಫೈಟರ್ ವಿಮಾನಗಳಲ್ಲಿ 1941ರ ಕೊನೆಯವರೆಗೆ 99 ಸಲ ಹಾರಿದ. ತನ್ನ ಊರುಗಳ ಮೇಲೆ ಬಾಂಬ್ ಹಾಕಲು ಬಂದ ಜರ್ಮನ್ ವಿಮಾನಗಳನ್ನು ಕತ್ತಲಲ್ಲಿ ಬೇಟೆಯಾಡುವ ಕೆಲಸ ಅದು. ಬಾಂಬರ್ ಎಲ್ಲಿ ಕುರುಡು, ಬೆನ್ನಟ್ಟುವವನು ಎಲ್ಲಿಂದ ಬರುತ್ತಾನೆ ಎಂಬುದನ್ನು ಅವನು ಎದುರಾಳಿಯ ಸ್ಥಾನದಲ್ಲಿ ನಿಂತು ಕಲಿತ. ಇಂಥ ಎರಡೂ ಬಗೆಯ ಅನುಭವ ಬಾಂಬರ್ ಪಡೆಯಲ್ಲಿ ಬಹಳ ಮಂದಿಗೆ ಇರಲಿಲ್ಲ.

1942ರ ಏಪ್ರಿಲಿನಲ್ಲಿ 106ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥನಾಗಿ ವಿಂಗ್ ಕಮಾಂಡರ್ ಹುದ್ದೆಗೇರಿದಾಗ ಗಿಬ್ಸನ್‌ಗೆ 23 ವರ್ಷ. ನೂರಾರು ಜನರ ಊಟ, ವಸತಿ, ಶಿಸ್ತು, ಸಾವು ಎಲ್ಲವೂ ಆ ವಯಸ್ಸಿನವನ ತಲೆಯ ಮೇಲೆ. ಪದೇ ಪದೇ ಕೆಡುವ ಎಂಜಿನ್ನಿನ ಮ್ಯಾಂಚೆಸ್ಟರ್ ಬಾಂಬರ್‌ಗಳು ಹೋಗಿ ನಾಲ್ಕು ಮರ್ಲಿನ್ ಎಂಜಿನ್‌ಗಳ ಲ್ಯಾಂಕಾಸ್ಟರ್‌ಗಳು ಬಂದ ಕಾಲ ಅದು. ಲ್ಯಾಂಕಾಸ್ಟರ್‌ನಲ್ಲಿ ಏಳು ಜನ: ಪೈಲಟ್, ಫ್ಲೈಟ್ ಎಂಜಿನಿಯರ್, ನ್ಯಾವಿಗೇಟರ್, ಬಾಂಬ್ ಗುರಿಕಾರ, ವೈರ್‌ಲೆಸ್ ಆಪರೇಟರ್, ಇಬ್ಬರು ಗನ್ನರ್‌ಗಳು. ಮೂವತ್ತು ದಾಳಿ ಮುಗಿಸಿದರೆ ಒಂದು ಸುತ್ತು ಮುಗಿದಂತೆ. ಆ ಮೂವತ್ತನ್ನು ದಾಟುವವರೇ ಕಡಿಮೆ. ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ ಯುದ್ಧ ಮುಗಿಯುವಷ್ಟರಲ್ಲಿ 55,573 ಜನ ಸತ್ತರು. ಅವರಲ್ಲಿ ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗರು. ಈ ಒಂದು ಅಂಕಿಯನ್ನು ಬಿಟ್ಟು ಗಿಬ್ಸನ್‌ನ ಬದುಕನ್ನು ಅಳೆಯಲು ಬಾರದು.

ಸ್ಕ್ವಾಡ್ರನ್ನಿನಲ್ಲಿ ಅವನಿಗೆ ಬಿದ್ದ ಅಡ್ಡಹೆಸರು ‘ಬಾಲ ಚಕ್ರವರ್ತಿ’. ತಪ್ಪು ಮಾಡಿದವರನ್ನು ಅವನು ಬಿಡುತ್ತಿರಲಿಲ್ಲ. ಆದರೆ ಕಷ್ಟದ ಗುರಿಗಳಿಗೆ ತಾನೇ ಮುಂದೆ ಹೋಗುತ್ತಿದ್ದ. ಹಾರುವವರು ಅವನನ್ನು ನಂಬಿದ್ದು ಇದರಿಂದಲೇ. 1943ರ ಜನವರಿ 16ರ ರಾತ್ರಿ ಬರ್ಲಿನ್ ದಾಳಿಗೆ ಹೊರಟಾಗ ಬಿಬಿಸಿಯ ವರದಿಗಾರ ರಿಚರ್ಡ್ ಡಿಂಬಲ್ಬಿಯನ್ನು ತನ್ನ ವಿಮಾನದಲ್ಲೇ ಕರೆದೊಯ್ದ. ಬಾಂಬರ್ ಒಳಗಿನ ಚಳಿ, ಭಯ, ವಾಂತಿಯ ಬಗ್ಗೆ ಬ್ರಿಟನ್ನಿನ ಜನ ರೇಡಿಯೊದಲ್ಲಿ ಕೇಳಿದ್ದು ಡಿಂಬಲ್ಬಿಯ ವರದಿಯಿಂದ. ಮಾರ್ಚ್ ನಡುವಿನ ಹೊತ್ತಿಗೆ ಗಿಬ್ಸನ್‌ಗೆ ಡಿ.ಎಸ್.ಒ. ಪದಕ ಎರಡು ಸಲ ಬಂದಿತ್ತು. ಅವನು ದಣಿದಿದ್ದ, ರಜೆಗೆ ಕಾಯುತ್ತಿದ್ದ. ಆಗ ಗ್ರಾಂಥಮ್‌ನಲ್ಲಿದ್ದ ಐದನೇ ಗ್ರೂಪಿನ ಮುಖ್ಯ ಕಚೇರಿಗೆ ಕರೆ ಬಂತು. ಇನ್ನೊಂದೇ ಒಂದು ದಾಳಿ ಮಾಡುವೆಯಾ ಎಂದು ಏರ್ ವೈಸ್ ಮಾರ್ಷಲ್ ರಾಲ್ಫ್ ಕಾಕ್ರೇನ್ ಕೇಳಿದರು. ಎಲ್ಲಿಗೆ, ಯಾವುದರ ಮೇಲೆ ಎಂದು ಹೇಳಲಿಲ್ಲ. ಗಿಬ್ಸನ್ ಒಪ್ಪಿಕೊಂಡ.

ಆ ಗುರಿಯ ಹಿಂದೆ ಬಾರ್ನ್ಸ್ ವಾಲಿಸ್ ಎಂಬ ವಿಜ್ಞಾನಿಯ ಹಲವು ವರ್ಷಗಳ ಲೆಕ್ಕಾಚಾರವಿತ್ತು. ಜರ್ಮನಿಯ ರೂರ್ ಕಣಿವೆಯ ಉಕ್ಕಿನ ಕಾರ್ಖಾನೆಗಳಿಗೆ ನೀರು ಮೋನ, ಸೋರ್ಪ ಜಲಾಶಯಗಳಿಂದ ಬರುತ್ತಿತ್ತು. ಅವುಗಳ ಜೊತೆಗೆ ಆಚೆಯ ಕಣಿವೆಯ ಎಡರ್ ಅಣೆಕಟ್ಟೂ ಪಟ್ಟಿಯಲ್ಲಿತ್ತು. ಮೋನ ಅಣೆಕಟ್ಟು 40 ಮೀಟರ್ ಎತ್ತರ, 650 ಮೀಟರ್ ಉದ್ದದ ಕಲ್ಲುಗೋಡೆ. ಮೇಲಿನಿಂದ ಹಾಕುವ ಬಾಂಬಿಗೆ ಅದು ಜಗ್ಗುವುದಿಲ್ಲ. ನೀರಿನೊಳಗೆ ಹೋಗುವ ಟಾರ್ಪೆಡೊಗಳನ್ನು ತಡೆಯಲು ಗೋಡೆಯ ಮುಂದೆ ಉಕ್ಕಿನ ಬಲೆ ಕಟ್ಟಿದ್ದರು. ಸ್ಫೋಟ ಗೋಡೆಗೆ ಅಂಟಿಕೊಂಡು ನೀರಿನಾಳದಲ್ಲಿ ಆದರೆ, ನೀರೇ ಹೊಡೆತವನ್ನು ಕಲ್ಲಿಗೆ ದಾಟಿಸುತ್ತದೆ, ಆಗ ಕಡಿಮೆ ಮದ್ದು ಸಾಕು ಎಂಬುದು ವಾಲಿಸ್‌ನ ಲೆಕ್ಕ. ಬಲೆಯನ್ನು ದಾಟಿಸುವುದಕ್ಕೆ ಅವನು ಕಂಡುಕೊಂಡ ದಾರಿ, ಕೆರೆಯ ದಡದಲ್ಲಿ ಹುಡುಗರು ಬಿಲ್ಲೆಕಲ್ಲು ಬೀಸಿ ನೀರಿನ ಮೇಲೆ ಕುಪ್ಪಳಿಸುವ ಆಟದಂತಿತ್ತು. 1942ರ ಏಪ್ರಿಲಿನಲ್ಲಿ ಮನೆಯ ಅಂಗಳದಲ್ಲಿ ತೊಟ್ಟಿಗೆ ನೀರು ತುಂಬಿಸಿ, ಮಗಳ ಗೋಲಿಗಳನ್ನು ಅದರ ಮೇಲೆ ಹಾರಿಸಿ ಅವನು ಇದನ್ನು ಪರೀಕ್ಷಿಸಿದ್ದ. ಕೊನೆಗೆ ರೂಪುಗೊಂಡದ್ದು 4,200 ಕಿಲೊ ತೂಕದ, ದೊಡ್ಡ ಪೀಪಾಯಿಯ ಆಕಾರದ ಬಾಂಬ್. ವಿಮಾನದ ಹೊಟ್ಟೆಯ ಕೆಳಗೆ ಅದನ್ನು ಅಡ್ಡಲಾಗಿ ತೂಗುಹಾಕಿ, ಬಿಡುವ ಮುಂಚೆ ನಿಮಿಷಕ್ಕೆ 500 ಸುತ್ತಿನಂತೆ ಹಿಮ್ಮುಖವಾಗಿ ತಿರುಗಿಸಬೇಕು. ಹಿಮ್ಮುಖ ತಿರುಗು ಇದ್ದರೆ ಬಾಂಬ್ ನೀರಿನ ಮೇಲೆ ಚೆನ್ನಾಗಿ ಪುಟಿಯುತ್ತದೆ, ಗೋಡೆಗೆ ಬಡಿದ ಮೇಲೆ ದೂರ ಸಿಡಿಯದೆ ಅದನ್ನು ತಬ್ಬಿಕೊಂಡೇ ಇಳಿಯುತ್ತದೆ. 30 ಅಡಿ ಆಳಕ್ಕೆ ಹೋದಾಗ ನೀರಿನ ಒತ್ತಡಕ್ಕೆ ಸಿಡಿಯುತ್ತದೆ.

ವಾಲಿಸ್‌ನನ್ನು ಕಾಣಲು ಗಿಬ್ಸನ್ ವೇಬ್ರಿಜ್‌ಗೆ ಹೋದಾಗ ನಿಲ್ದಾಣದಿಂದ ಅವನನ್ನು ಕರೆದೊಯ್ದವರು ಅದೇ ಮಟ್ ಸಮ್ಮರ್ಸ್. ಬಾಂಬಿನ ವಿಚಾರ ತಿಳಿದರೂ ಅಣೆಕಟ್ಟಿನ ವಿಚಾರ ತಿಳಿಯುವ ಅನುಮತಿ ಗಿಬ್ಸನ್‌ಗೆ ಇನ್ನೂ ಸಿಕ್ಕಿರಲಿಲ್ಲ. ವಾಲಿಸ್ ಗುರಿಯ ಹೆಸರನ್ನು ಬಚ್ಚಿಟ್ಟೇ ಮಾತಾಡಬೇಕಾಯಿತು. ಕೆಲವು ದಿನಗಳ ನಂತರ ಕಾಕ್ರೇನ್ ಅದನ್ನು ಹೇಳಿದರು. ಉಳಿದ ಹೆಚ್ಚಿನವರಿಗೆ ಗೊತ್ತಾದದ್ದು ದಾಳಿಯ ದಿನವೇ.

ಹೊಸ 617ನೇ ಸ್ಕ್ವಾಡ್ರನ್ ಸ್ಕ್ಯಾಂಪ್ಟನ್‌ನಲ್ಲಿ ಮಾರ್ಚ್ ಕೊನೆಯಲ್ಲಿ ಹುಟ್ಟಿತು. ಅದರಲ್ಲಿ ಇದ್ದವರೆಲ್ಲ ಆರಿಸಿ ತೆಗೆದ ಪಳಗಿದ ಕೈಗಳು ಎಂಬ ಮಾತು ಆಮೇಲೆ ಹರಡಿತು. ನಿಜವಾಗಿ ಹತ್ತು ದಾಳಿಯನ್ನೂ ಮುಗಿಸದವರು ಹಲವರಿದ್ದರು. ಬ್ರಿಟಿಷರ ಜೊತೆಗೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು, ಅಮೆರಿಕದ ಒಬ್ಬ ಪೈಲಟ್ ಇದ್ದರು. ಎಂಟು ವಾರಗಳೂ ಸಿಗದ ಅವಧಿಯಲ್ಲಿ ಇವರೆಲ್ಲ ಒಂದೇ ಕೈಯಂತೆ ಆಡಬೇಕಿತ್ತು. ಗಿಬ್ಸನ್‌ನ ನಿಜವಾದ ದೊಡ್ಡಸ್ತಿಕೆಯನ್ನು ಹುಡುಕಬೇಕಾದದ್ದು ಈ ವಾರಗಳಲ್ಲಿ.

ಬಾಂಬ್ ಬಿಡುವಾಗ ವಿಮಾನ ನೀರಿನಿಂದ ಸರಿಯಾಗಿ 60 ಅಡಿ ಎತ್ತರದಲ್ಲಿರಬೇಕು. ಲ್ಯಾಂಕಾಸ್ಟರ್‌ನ ಒಂದು ರೆಕ್ಕೆತುದಿಯಿಂದ ಇನ್ನೊಂದಕ್ಕೆ 102 ಅಡಿ. ಅಷ್ಟು ತಗ್ಗಿನಲ್ಲಿ ಸ್ವಲ್ಪ ಹೆಚ್ಚು ವಾಲಿದರೂ ರೆಕ್ಕೆ ನೀರಿಗೆ ತಾಗುತ್ತದೆ. ಆಗಿನ ಎತ್ತರಮಾಪಕಗಳು ಇಷ್ಟು ಸೂಕ್ಷ್ಮವಾಗಿ ತೋರಿಸುತ್ತಿರಲಿಲ್ಲ. ವಿಮಾನದ ಹೊಟ್ಟೆಯಲ್ಲಿ ಎರಡು ದೀಪ ಕೂರಿಸಿ, 60 ಅಡಿಯಲ್ಲಿ ಅವುಗಳ ಬೆಳಕಿನ ವೃತ್ತಗಳು ನೀರಿನ ಮೇಲೆ ಒಂದಕ್ಕೊಂದು ತಾಗುವಂತೆ ಕೋನ ಹೊಂದಿಸಿದರು. ನ್ಯಾವಿಗೇಟರ್ ಪಕ್ಕದ ಕಿಟಕಿಯಿಂದ ಕೆಳಗೆ ನೋಡುತ್ತ ‘ಇಳಿಸು, ಇಳಿಸು, ಸಾಕು’ ಎಂದು ಹೇಳುತ್ತ ಹೋಗಬೇಕು. ದೂರ ಅಳೆಯಲು ಇನ್ನೂ ಸರಳ ಸಾಧನ: ಕಣ್ಣಿಡಲು ಒಂದು ತೂತು, ಎದುರಿಗೆ ಎರಡು ಮೊಳೆ ಇರುವ ಮರದ ತುಂಡು. ಅಣೆಕಟ್ಟಿನ ಮೇಲಿನ ಎರಡು ಗೋಪುರಗಳು ಎರಡು ಮೊಳೆಗಳ ನೇರಕ್ಕೆ ಬಂದ ಕ್ಷಣ ಗುಂಡಿ ಒತ್ತಬೇಕು. ಅಲುಗುವ ವಿಮಾನದಲ್ಲಿ ಇದನ್ನು ಹಿಡಿದು ನೋಡುವುದು ಕಷ್ಟವೆಂದು ಕೆಲವು ಗುರಿಕಾರರು ಕಿಟಕಿಯ ಗಾಜಿನ ಮೇಲೆ ಬಣ್ಣದ ಗುರುತು ಹಾಕಿ, ಎರಡು ಬದಿಗೆ ದಾರ ಕಟ್ಟಿ ಮೂಗಿನ ಹತ್ತಿರ ಎಳೆದು ಹಿಡಿಯುವ ಉಪಾಯ ಮಾಡಿಕೊಂಡರು. ಹಗಲಲ್ಲೇ ರಾತ್ರಿಯ ಅಭ್ಯಾಸವಾಗಲೆಂದು ಕಿಟಕಿಗಳಿಗೆ ನೀಲಿ ಹಾಳೆ ಅಂಟಿಸಿ, ಪೈಲಟ್‌ಗಳು ಹಳದಿ ಕನ್ನಡಕ ಹಾಕಿಕೊಂಡು ಹಾರಿದರು. ಇಂಗ್ಲೆಂಡಿನ ಡರ್ವೆಂಟ್, ಐಬ್ರೂಕ್, ಆಬರ್ಟನ್ ಜಲಾಶಯಗಳ ಮೇಲೆ ಅಭ್ಯಾಸ ನಡೆಯಿತು. ವಿಮಾನದಿಂದ ವಿಮಾನಕ್ಕೆ ನೇರ ಮಾತಾಡಲು ಕಾದಾಟದ ವಿಮಾನಗಳ ರೇಡಿಯೊಗಳನ್ನು ಹಾಕಿಸಿಕೊಂಡರು. ಗುರಿಯ ಮೇಲೆಯೇ ಸುತ್ತುತ್ತ ಒಬ್ಬ ನಾಯಕ ಇಡೀ ದಾಳಿಯನ್ನು ಮಾತಿನಲ್ಲೇ ನಡೆಸುವ ಕ್ರಮ ಇದರಿಂದ ಸಾಧ್ಯವಾಯಿತು, ಮುಂದೆ ಬಾಂಬರ್ ಪಡೆಯಲ್ಲಿ ಅದು ನೆಲೆಯೂರಿತು.

ಜಲಾಶಯ ತುಂಬಿರಬೇಕು, ಬೆಳದಿಂಗಳಿರಬೇಕು. ಎರಡೂ ಕೂಡಿಬಂದದ್ದು 1943ರ ಮೇ 16ರ ರಾತ್ರಿ. ಹಿಂದಿನ ಸಂಜೆ ಗಿಬ್ಸನ್ ಸಾಕಿದ್ದ ಕರಿಯ ಲ್ಯಾಬ್ರಡಾರ್ ನಾಯಿ ನೆಲೆಯ ಹೊರಗೆ ಕಾರಿಗೆ ಸಿಕ್ಕಿ ಸತ್ತಿತು. ತಾನು ಜರ್ಮನಿಯ ಮೇಲಿರುವ ನಡುರಾತ್ರಿಯ ಹೊತ್ತಿಗೆ ಅದನ್ನು ಹೂಳಿ ಎಂದು ಹೇಳಿ ಅವನು ಕೆಲಸಕ್ಕೆ ತಿರುಗಿದ. ಒಟ್ಟು 19 ಲ್ಯಾಂಕಾಸ್ಟರ್, 133 ಜನ. ಒಂಬತ್ತು ವಿಮಾನಗಳ ಗಿಬ್ಸನ್ ತಂಡ ಮೋನ, ಆಮೇಲೆ ಎಡರ್ ಕಡೆಗೆ, ಐದು ಸೋರ್ಪ ಕಡೆಗೆ, ಐದು ಮೀಸಲು. ರೇಡಾರ್‌ಗೆ ಸಿಗದಂತೆ ಸುಮಾರು 100 ಅಡಿ ಎತ್ತರದಲ್ಲಿ ಮರಗಳ ನೆತ್ತಿ ಸವರಿಕೊಂಡು ಹಾರಿದರು. ಆ ತಗ್ಗು ಹಾರಾಟವೇ ಕೆಲವರ ಪ್ರಾಣ ತೆಗೆಯಿತು. ಎರಡು ವಿಮಾನಗಳು ವಿದ್ಯುತ್ ತಂತಿಗೆ ಬಡಿದು ಉರುಳಿದವು. ಇನ್ನೊಂದು ಸಮುದ್ರಕ್ಕೆ ತಾಗಿ ಬಾಂಬನ್ನೇ ಕಳೆದುಕೊಂಡು ಹಿಂದಿರುಗಿತು.

ನಡುರಾತ್ರಿ ಕಳೆದು ಅರ್ಧ ಗಂಟೆಗೆ ಗಿಬ್ಸನ್ ಮೊದಲಿಗನಾಗಿ ಮೋನ ಗೋಡೆಯತ್ತ ನುಗ್ಗಿದ. ಗೋಪುರಗಳ ಮೇಲಿನ ತೋಪುಗಳು ಅವನತ್ತಲೇ ಉಗುಳುತ್ತಿದ್ದವು. ಬಾಂಬ್ ಪುಟಿದು ಹೋಗಿ ಸಿಡಿಯಿತು, ನೀರು ನೂರಾರು ಅಡಿ ಎದ್ದಿತು, ಗೋಡೆ ನಿಂತೇ ಇತ್ತು. ಎರಡನೆಯ ಹಾಪ್‌ಗುಡ್‌ನ ವಿಮಾನಕ್ಕೆ ಗುಂಡು ತಗುಲಿ ಬೆಂಕಿ ಹತ್ತಿತು. ಬಾಂಬ್ ಗೋಡೆ ಹಾರಿ ಆಚೆಯ ವಿದ್ಯುದಾಗಾರದ ಮೇಲೆ ಬಿತ್ತು, ವಿಮಾನ ಸಿಡಿದುಹೋಯಿತು. ಮೂರನೆಯ ಮಾರ್ಟಿನ್ ಹೊರಟಾಗ ಗಿಬ್ಸನ್ ತನ್ನ ಖಾಲಿ ವಿಮಾನವನ್ನು ಅವನ ಪಕ್ಕಕ್ಕೆ ತಂದು, ತೋಪುಗಳು ತನ್ನ ಕಡೆ ತಿರುಗಲಿ ಎಂದು ಜೊತೆಯಲ್ಲೇ ಹಾರಿದ. ಗಿಬ್ಸನ್‌ಗೆ ಮುಂದೆ ವಿಕ್ಟೋರಿಯಾ ಕ್ರಾಸ್ ಪದಕ ಬಂದದ್ದರಲ್ಲಿ ಈ ನಡೆಯ ಪಾಲು ದೊಡ್ಡದು. ತನ್ನ ಕೆಲಸ ಮುಗಿದವನು ಸುರಕ್ಷಿತ ದೂರದಲ್ಲಿ ಕಾಯಬಹುದಿತ್ತು. ಯಾರೂ ತಪ್ಪು ಹೇಳುತ್ತಿರಲಿಲ್ಲ. ನಾಲ್ಕನೆಯ ಯಂಗ್, ಐದನೆಯ ಮಾಲ್ಟ್‌ಬಿ ಬಾಂಬ್ ಹಾಕಿದ ಮೇಲೆ ಗೋಡೆ ಒಡೆಯಿತು. ಸುಮಾರು 77 ಮೀಟರ್ ಅಗಲದ ಬಾಯಿ ಬಿಟ್ಟು ನೀರು ಕಣಿವೆಗೆ ಧುಮುಕಿತು. ಗ್ರಾಂಥಮ್‌ನಲ್ಲಿ ಕಾದು ಕುಳಿತಿದ್ದ ವಾಲಿಸ್‌ಗೆ ಸಂಕೇತ ತಲುಪಿತು.

ಎಡರ್‌ನಲ್ಲಿ ತೋಪುಗಳಿರಲಿಲ್ಲ, ಕಾವಲಿಗೆ ಬೆಟ್ಟಗಳೇ ಇದ್ದವು. ಕಡಿದಾದ ಇಳಿಜಾರಿನಿಂದ ಧುಮುಕಿ, ನೀರಿನ ಮೇಲೆ ತಟ್ಟನೆ ತಿರುಗಿ, ಕೆಲವೇ ಸೆಕೆಂಡುಗಳಲ್ಲಿ ಬಾಂಬ್ ಬಿಟ್ಟು, ಎದುರಿನ ಗುಡ್ಡ ಹತ್ತಬೇಕು. ಶ್ಯಾನನ್ ಮತ್ತೆ ಮತ್ತೆ ಪ್ರಯತ್ನಿಸಿದ; ಮಾಡ್‌ಸ್ಲೇಯ ಬಾಂಬ್ ಗೋಡೆಯ ನೆತ್ತಿಗೆ ಬಡಿದು ಅವನ ವಿಮಾನದ ಹಿಂದೆಯೇ ಸಿಡಿಯಿತು. ಉಳಿದಿದ್ದ ಕೊನೆಯ ಬಾಂಬಿನಿಂದ ಆಸ್ಟ್ರೇಲಿಯಾದ ಲೆಸ್ ನೈಟ್ ಗೋಡೆ ಒಡೆದ. ಮಣ್ಣಿನ ಏರಿಯಿದ್ದ ಸೋರ್ಪ ಮಾತ್ರ ಜಗ್ಗಲಿಲ್ಲ.

ಎಂಟು ವಿಮಾನಗಳು ಹಿಂದಿರುಗಲಿಲ್ಲ. 53 ಜನ ಸತ್ತರು, ಮೂವರು ಸೆರೆಸಿಕ್ಕರು. ವಾಲಿಸ್ ಈ ಸುದ್ದಿ ಕೇಳಿ ಕುಸಿದುಹೋದ. ಗಿಬ್ಸನ್ ಮತ್ತು ಅವನ ಕಚೇರಿಯವರು ಮರುದಿನಗಳಲ್ಲಿ 56 ಮನೆಗಳಿಗೆ ಕಾಗದ ಬರೆದರು.

ನೀರಿನ ಕೆಳಗೆ ಸಿಕ್ಕವರ ಲೆಕ್ಕ ಬೇರೆ. 1,300ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಜರ್ಮನರಲ್ಲ. ಮೋನದ ಕೆಳಗಿನ ನೀಹೈಮ್ ಪಟ್ಟಣದ ಬಳಿ, ಸೋವಿಯತ್ ನಾಡುಗಳಿಂದ ಹಿಡಿದುತಂದು ಕೂಲಿಗೆ ಹಚ್ಚಿದ್ದ ಹೆಂಗಸರ ಶಿಬಿರವಿತ್ತು. ನೂರಾರು ಮಂದಿ ಮುಳ್ಳುತಂತಿಯೊಳಗೇ ಕೊಚ್ಚಿಹೋದರು. ಹಿಟ್ಲರನ ವಿರುದ್ಧದ ಯುದ್ಧದಲ್ಲಿ ಹಿಟ್ಲರನ ಸೆರೆಯಾಳುಗಳೇ ಹೀಗೆ ಸತ್ತದ್ದನ್ನು ಬ್ರಿಟನ್ನಿನ ಜನಪ್ರಿಯ ಕಥನಗಳು ಬಹಳ ಕಾಲ ಪಕ್ಕಕ್ಕಿಟ್ಟವು, ಅದು ನ್ಯಾಯವಲ್ಲ. ಉಕ್ಕಿನ ಉತ್ಪಾದನೆಗೆ ಬಿದ್ದ ಪೆಟ್ಟು ನಿರೀಕ್ಷಿಸಿದಷ್ಟು ದೀರ್ಘವಾಗಲಿಲ್ಲ. ಜರ್ಮನಿ ಸಾವಿರಾರು ಕೆಲಸಗಾರರನ್ನು ಬೇರೆ ಕಾಮಗಾರಿಗಳಿಂದ ಎಳೆತಂದು ನಾಲ್ಕೈದು ತಿಂಗಳಲ್ಲಿ ಮೋನ ಗೋಡೆ ಮುಚ್ಚಿತು. ರಿಪೇರಿ ನಡೆಯುವಾಗ ಬ್ರಿಟಿಷರು ಮತ್ತೆ ಬಂದು ಬಾಂಬ್ ಹಾಕಲಿಲ್ಲವೇಕೆ ಎಂದು ಜರ್ಮನ್ ಮಂತ್ರಿ ಆಲ್ಬರ್ಟ್ ಸ್ಪೀರ್‌ಗೂ ಅಚ್ಚರಿಯಾಗಿತ್ತು. ಜನರ ಪ್ರಾಣಕ್ಕೆ ಕುತ್ತು ತರುವ ಅಣೆಕಟ್ಟು ದಾಳಿಗಳಿಗೆ ಅಂತರರಾಷ್ಟ್ರೀಯ ಕಾನೂನು ಕಡಿವಾಣ ಹಾಕಿದ್ದು 1977ರಲ್ಲಿ, ಜಿನೀವಾ ಒಪ್ಪಂದಗಳಿಗೆ ಸೇರಿಸಿದ ವಿಧಿಯ ಮೂಲಕ.

ಬ್ರಿಟನ್ನಿಗಂತೂ ಆ ಹೊತ್ತಿನಲ್ಲಿ ಗೆಲುವಿನ ಸುದ್ದಿ ಬೇಕಿತ್ತು. ಜೂನ್ 22ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ರಾಣಿ ಎಲಿಜಬೆತ್ ಗಿಬ್ಸನ್‌ಗೆ ವಿಕ್ಟೋರಿಯಾ ಕ್ರಾಸ್ ತೊಡಿಸಿದರು. ದೊರೆ ಆಗ ಉತ್ತರ ಆಫ್ರಿಕಾದಲ್ಲಿದ್ದರು. ಆಗಸ್ಟ್‌ನಲ್ಲಿ ಪ್ರಧಾನಿ ಚರ್ಚಿಲ್ ಅವನನ್ನು ತಮ್ಮೊಡನೆ ಕ್ವಿಬೆಕ್ ಸಮ್ಮೇಳನಕ್ಕೆ ಕರೆದೊಯ್ದರು. ಅಲ್ಲಿಂದ ಕೆನಡಾ, ಅಮೆರಿಕದಲ್ಲಿ ತಿಂಗಳುಗಟ್ಟಲೆ ಭಾಷಣ, ಸನ್ಮಾನ. ಅವನು ಸಾಗರದಾಚೆ ಇದ್ದಾಗಲೇ, ಸೆಪ್ಟೆಂಬರ್ 15ರ ರಾತ್ರಿ ಡಾರ್ಟ್‌ಮಂಡ್-ಎಮ್ಸ್ ಕಾಲುವೆಯ ದಾಳಿಯಲ್ಲಿ ಅವನ ಜೊತೆ ಅಣೆಕಟ್ಟಿಗೆ ಹಾರಿದ್ದ ನ್ಯಾವಿಗೇಟರ್ ಟೇರಮ್, ಗುರಿಕಾರ ಸ್ಪ್ಯಾಫರ್ಡ್, ವೈರ್‌ಲೆಸ್‌ನ ಹಚಿಸನ್, ಗನ್ನರ್ ಡೀರಿಂಗ್ ಒಟ್ಟಿಗೆ ಸತ್ತರು. ಎಂಜಿನಿಯರ್ ಪುಲ್ಫರ್ಡ್ 1944ರ ಫೆಬ್ರವರಿಯಲ್ಲಿ, ಹಿಂಬದಿಯ ಗನ್ನರ್ ಟ್ರೆವರ್-ರೋಪರ್ ಮಾರ್ಚ್‌ನಲ್ಲಿ ಹೋದರು. ಆ ಏಳು ಜನರಲ್ಲಿ ಉಳಿದವನು ಗಿಬ್ಸನ್ ಒಬ್ಬನೇ.

ಮೇಜಿನ ಕೆಲಸ ಅವನಿಗೆ ಒಗ್ಗಲಿಲ್ಲ. ವಾಯು ಸಚಿವಾಲಯದಲ್ಲಿ ಕುಳಿತು ‘ಎನಿಮಿ ಕೋಸ್ಟ್ ಅಹೆಡ್’ ಎಂಬ ಯುದ್ಧಾನುಭವದ ಪುಸ್ತಕ ಬರೆದ. ಮ್ಯಾಕಲ್ಸ್‌ಫೀಲ್ಡ್ ಕ್ಷೇತ್ರಕ್ಕೆ ಕನ್ಸರ್ವೇಟಿವ್ ಪಕ್ಷ ಅವನನ್ನು ಅಭ್ಯರ್ಥಿಯಾಗಿ ಆರಿಸಿತು. ಕೆಲವೇ ತಿಂಗಳಲ್ಲಿ ಹಿಂದೆ ಸರಿದ. ಮತ್ತೆ ಹಾರಲು ಬಿಡಿ ಎಂದು ಮೇಲಿನವರನ್ನು ಬಿಡದೆ ಕಾಡಿದ. 170ಕ್ಕೂ ಹೆಚ್ಚು ಹಾರಾಟ ಮಾಡಿದವನಿಗೆ ಇಲ್ಲವೆನ್ನುವ ಗಟ್ಟಿತನ ಅವರಲ್ಲಿ ಇರಬೇಕಿತ್ತು. ಇರಲಿಲ್ಲ.

1944ರ ಸೆಪ್ಟೆಂಬರ್ 19ರಂದು ಜರ್ಮನಿಯ ರೈಟ್, ಮೊನ್ಶೆನ್‌ಗ್ಲಾಡ್‌ಬಾಕ್ ಪಟ್ಟಣಗಳ ಮೇಲಿನ ದಾಳಿಯನ್ನು ಆಕಾಶದಿಂದ ನಡೆಸುವ ಹೊಣೆ ಅವನಿಗೆ ಬಂತು. 627ನೇ ಸ್ಕ್ವಾಡ್ರನ್ನಿನಿಂದ ಎರವಲು ಪಡೆದ ಮಾಸ್ಕಿಟೊ ವಿಮಾನ, ನ್ಯಾವಿಗೇಟರ್ ಆಗಿ ಜೇಮ್ಸ್ ವಾರ್ವಿಕ್. ಮಾಸ್ಕಿಟೊದಲ್ಲಿ ಗಿಬ್ಸನ್‌ಗೆ ಇದ್ದ ಅನುಭವ ತೀರ ಕಡಿಮೆ. ದಾಳಿ ಮುಗಿಸಿ ಮರಳುವಾಗ ರಾತ್ರಿ ಹತ್ತೂವರೆಯ ಸುಮಾರಿಗೆ ವಿಮಾನ ನೆದರ್‌ಲ್ಯಾಂಡ್ಸ್‌ನ ಸ್ಟೇನ್‌ಬರ್ಗನ್ ಬಳಿ ನೆಲಕ್ಕಪ್ಪಳಿಸಿ ಉರಿಯಿತು. ಇಂಧನದ ಟ್ಯಾಂಕ್ ಬದಲಿಸುವಲ್ಲಿ ತಪ್ಪಾಯಿತೆಂದು ಕೆಲವರು, ತೋಪಿನ ಪೆಟ್ಟೆಂದು ಕೆಲವರು, ಕತ್ತಲಲ್ಲಿ ಗುರುತು ತಪ್ಪಿದ ಬ್ರಿಟಿಷ್ ಗನ್ನರನೇ ಹೊಡೆದನೆಂದು ಇನ್ನು ಕೆಲವರು ವಾದಿಸಿದ್ದಾರೆ, ಯಾವುದೂ ಸಾಬೀತಾಗಿಲ್ಲ. ವಾರ್ವಿಕ್‌ನನ್ನು ಗುರುತಿನ ಬಿಲ್ಲೆಯಿಂದ, ಗಿಬ್ಸನ್‌ನನ್ನು ಕಾಲುಚೀಲದ ಮೇಲಿದ್ದ ಲಾಂಡ್ರಿ ಗುರುತಿನಿಂದ ಪತ್ತೆಹಚ್ಚಿದರು. ಆಗ ಅವನಿಗೆ 26 ವರ್ಷ. ಊರು ಇನ್ನೂ ಜರ್ಮನರ ಹಿಡಿತದಲ್ಲಿದ್ದಾಗಲೇ ಇಬ್ಬರನ್ನೂ ಅಲ್ಲಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ಹೂಳಲಾಯಿತು. ಸ್ಟೇನ್‌ಬರ್ಗನ್ನಿನ ಬೀದಿಗಳಿಗೆ ಈಗ ಗಿಬ್ಸನ್, ವಾರ್ವಿಕ್, ಮಾಸ್ಕಿಟೊ, ಲ್ಯಾಂಕಾಸ್ಟರ್ ಹೆಸರುಗಳಿವೆ.

ಅವನ ಪುಸ್ತಕ 1946ರಲ್ಲಿ ಹೊರಬಂತು, ಸಚಿವಾಲಯ ಕತ್ತರಿ ಹಾಕಿದ ರೂಪದಲ್ಲಿ. 1955ರ ‘ದಿ ಡ್ಯಾಮ್ ಬಸ್ಟರ್ಸ್’ ಚಿತ್ರದಲ್ಲಿ ರಿಚರ್ಡ್ ಟಾಡ್ ಗಿಬ್ಸನ್‌ನ ಪಾತ್ರ ಮಾಡಿದ. ಬಾಂಬರ್ ಕಮಾಂಡ್‌ನಲ್ಲಿ ಸತ್ತ 55,573 ಜನರಿಗೆ ಲಂಡನ್ನಿನಲ್ಲಿ ರಾಷ್ಟ್ರೀಯ ಸ್ಮಾರಕ ಎದ್ದದ್ದು 2012ರಲ್ಲಿ. ಬಾಂಬ್ ದಾಳಿಗೆ ಸಿಕ್ಕಿ ಸತ್ತ ಎಲ್ಲ ದೇಶಗಳ ಜನರನ್ನೂ ಆ ಸ್ಮಾರಕದ ಬರಹ ನೆನೆಯುತ್ತದೆ.